ಪಾಡ್ದನವೂ ಬೂತಾಯಿಯೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆಯೇ?

ಪ್ರಶ್ನೆ: ನಾವು ಉಡುಪಿ ಜಿಲ್ಲೆಯ ಕಾಪು ಕಡೆಯವರು. ನನ್ನ ಮಗಳು ಕನ್ನಡ ಎಂ.ಎ. ಮುಗಿಸಿದ್ದಾಳೆ, ತುಳು ಪಾಡ್ದನಗಳ, ಅಂದರೆ ಬಾಯಿಂದ ಬಾಯಿಗೆ ಬಂದ ಕಥನಗೀತೆಗಳ ಮೇಲೆ ಪಿಎಚ್.ಡಿ. ಮಾಡಬೇಕೆನ್ನುತ್ತಾಳೆ. ನನ್ನ ತಂಗಿಯ ಮಗ ಮಂಗಳೂರಿನಲ್ಲಿ ಬೂತಾಯಿ ಮೀನಿನ ಮೇಲೆ ಸಂಶೋಧನೆ ನಡೆಸುತ್ತಿದ್ದಾನೆ. ಅವನದು ಸಂಶೋಧನೆ ಎಂಬುದು ನಮಗೆ ಅರ್ಥವಾಗುತ್ತದೆ. ಅಲ್ಲಿ ಪ್ರಯೋಗಾಲಯವಿದೆ, ಅಳತೆಯಿದೆ. ಆದರೆ ಅಜ್ಜಿಯಂದಿರು ಹಾಡುವ ಹಾಡನ್ನು ಬರೆದುಕೊಂಡು ಬರುವುದು ಸಂಶೋಧನೆ ಹೇಗಾದೀತು? ಎರಡಕ್ಕೂ ಒಂದೇ ಪದವಿ ಏಕೆ? ಈ ಸಂಶೋಧನೆ ಎಂಬುದರ ವ್ಯಾಪ್ತಿಯಾದರೂ ಎಷ್ಟು?

ಉತ್ತರ: ಅಜ್ಜಿಯಂದಿರ ಹಾಡನ್ನು ಬರೆದುಕೊಂಡು ಬರುವುದು ಸಂಶೋಧನೆಯಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆದರೆ ಮೀನುಗಾರಿಕೆ ಬಂದರಿನ ಧಕ್ಕೆಯಿಂದ ಒಂದು ಬುಟ್ಟಿ ಬೂತಾಯಿ ತಂದು, ಒಂದೊಂದನ್ನೂ ಅಳೆದು, ತೂಗಿ, ಪುಸ್ತಕದಲ್ಲಿ ಬರೆದಿಡುವುದು ಕೂಡ ಸಂಶೋಧನೆಯಲ್ಲ. ಇವೆರಡೂ ಸಾಮಗ್ರಿ ಒಟ್ಟುಮಾಡುವ ಕೆಲಸಗಳು. ನಮ್ಮ ಮನೆಗಳಲ್ಲಿ ಕಷಾಯ ಕುದಿಸಿದ ಮೇಲೆ ಅದನ್ನು ಬಟ್ಟೆಯಲ್ಲಿ ಶೋಧಿಸುತ್ತಾರಲ್ಲ, ಸಂಶೋಧನೆ ಎಂಬ ಮಾತಿನಲ್ಲಿರುವುದು ಆ ಕ್ರಿಯೆಯೇ. ಬೇರು, ತೊಗಟೆ, ನೀರು ಎಲ್ಲವೂ ಪಾತ್ರೆಯಲ್ಲಿದ್ದರೂ ಶೋಧಿಸದೆ ಅದು ಕುಡಿಯುವ ಕಷಾಯವಾಗುವುದಿಲ್ಲ. ಹಾಗಾಗಿ ನಾವು ಕೇಳಬೇಕಾದದ್ದು ಪಾತ್ರೆಯಲ್ಲಿ ಏನಿದೆ ಎಂದಲ್ಲ, ಶೋಧಿಸುವ ಬಟ್ಟೆ ಯಾವುದು ಎಂದು. ಹಾಡಿಗೆ ಒಂದು ಬಟ್ಟೆ, ಮೀನಿಗೆ ಇನ್ನೊಂದು, ಕಲ್ಲಿಗೆ ಮತ್ತೊಂದು. ನಾನು ಶಾಸನಗಳನ್ನು ಓದುತ್ತ ಬಂದವನು. ನನ್ನ ಉದಾಹರಣೆಗಳು ಆ ಕಡೆಗೆ ಸ್ವಲ್ಪ ವಾಲಿದರೆ ಕ್ಷಮಿಸಬೇಕು.

ಮೊದಲು ನಿಮ್ಮ ಸೋದರಳಿಯನ ಕೆಲಸವನ್ನು ನೋಡೋಣ, ಏಕೆಂದರೆ ಅದು ನಿಮಗೆ ಈಗಾಗಲೇ ಒಪ್ಪಿಗೆಯಾಗಿದೆ. ಬೂತಾಯಿ ಒಂದು ವರ್ಷ ರಾಶಿ ಬೀಳುತ್ತದೆ, ಇನ್ನೊಂದು ವರ್ಷ ಹುಡುಕಿದರೂ ಸಿಗುವುದಿಲ್ಲ. ಮಲ್ಪೆಯಲ್ಲಿಯೂ ಮಂಗಳೂರಿನಲ್ಲಿಯೂ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಪಕ್ಕದ ಕೇರಳದ ಅಂಕಿಗಳಲ್ಲಿ ಇದು ಎದ್ದು ಕಾಣುತ್ತದೆ: 2012ರಲ್ಲಿ ಅಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ದಡ ಸೇರಿದ್ದರೆ, 2021ರಲ್ಲಿ ಸೇರಿದ್ದು 3,297 ಟನ್ ಮಾತ್ರ. ಏಕೆ ಹೀಗೆ ಎಂಬುದು ಸಂಶೋಧನೆಯ ಪ್ರಶ್ನೆ. ಬಲೆಯ ಕಣ್ಣು ಕಿರಿದಾಗಿ ಮರಿಮೀನುಗಳೆಲ್ಲ ಹೋದವು ಎನ್ನುವುದು ಒಂದು ಉತ್ತರ. ಮುಂಗಾರಿನ ಗಾಳಿ ಮೇಲಿನ ನೀರನ್ನು ತಳ್ಳಿದಾಗ ಆಳದಿಂದ ಏಳುವ ತಣ್ಣನೆಯ, ಸತ್ವವುಳ್ಳ ನೀರು ಕೆಲವು ವರ್ಷ ಸಾಕಷ್ಟು ಏಳುವುದಿಲ್ಲ, ಆಗ ಮೀನಿನ ಆಹಾರವಾದ ಸೂಕ್ಷ್ಮ ಸಸ್ಯಗಳು ಬೆಳೆಯುವುದಿಲ್ಲ ಎನ್ನುವುದು ಇನ್ನೊಂದು. 1923ರಲ್ಲಿ ಹಾರ್ನೆಲ್ ಮತ್ತು ನಾಯುಡು ಅವರು ಬೂತಾಯಿಯ ಹೊಟ್ಟೆಯಲ್ಲಿ ಏನಿದೆ ಎಂದು ನೋಡಿ ಬರೆದರು. 1950ರ ದಶಕದಲ್ಲಿ ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಒಂದು ಸೂಕ್ಷ್ಮ ಪಾಚಿ ಹೆಚ್ಚಾದರೆ ಬೂತಾಯಿಯೂ ಹೆಚ್ಚುತ್ತದೆ ಎಂಬ ವಾದ ಬಂತು. ಇಂದಿನ ವಿದ್ಯಾರ್ಥಿ ಅದೇ ವಾದವನ್ನು ಉಪಗ್ರಹದ ಚಿತ್ರಗಳ ಮುಂದೆ ಇಟ್ಟು, ನಿಲ್ಲುತ್ತದೆಯೋ ಬೀಳುತ್ತದೆಯೋ ಎಂದು ನೋಡಬಲ್ಲ. ಇಷ್ಟು ಹಿಂದಿನ ಮಾತನ್ನು ಇಂದಿಗೂ ಪರೀಕ್ಷಿಸಬಹುದಾಗಿದೆಯಲ್ಲ, ಅವನ ಬಟ್ಟೆ ಇದು.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಅವನು ಅರಬ್ಬೀ ಸಮುದ್ರವನ್ನು ಪ್ರಯೋಗಾಲಯದ ತೊಟ್ಟಿಯೊಳಗೆ ಇಟ್ಟುಕೊಳ್ಳಲಾರ. 1990ರ ಮುಂಗಾರನ್ನು ಇನ್ನೊಮ್ಮೆ ಬರಿಸಿ ನೋಡಲಾರ. ನಡೆದುಹೋದದ್ದರ ದಾಖಲೆಯನ್ನು ನಂಬಿಯೇ ಅವನು ಮುಂದುವರಿಯಬೇಕು. ಆ ದಾಖಲೆ ಹಿಂದಕ್ಕೆ ಹೋದಂತೆ ಅವನಿಗೆ ಸಿಗುವುದು ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದ ಸರ್ಕಾರಿ ಕಡತಗಳು ಮತ್ತು ವರದಿಗಳು. ಆ ಕಾಲದ ಅಂಕಿಯನ್ನು ಬರೆದ ಗುಮಾಸ್ತ ಯಾರು, ಯಾವ ಮಣದಲ್ಲಿ ಬರೆದ, ಎಷ್ಟು ಬಿಟ್ಟ ಎಂದು ಕೇಳುವುದು ಇತಿಹಾಸಕಾರನ ಕೆಲಸ. ಹೀಗೆ ಮೀನಿನ ವಿಜ್ಞಾನಿ ತನಗರಿವಿಲ್ಲದೆಯೇ ನಮ್ಮ ಜಗಲಿಗೆ ಬಂದು ಕುಳಿತಿರುತ್ತಾನೆ.

ಈಗ ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ಪಾಡ್ದನಗಳ ಸಂಗ್ರಹ ಇಂದು ನಿನ್ನೆಯದಲ್ಲ. ಬಾಸೆಲ್ ಮಿಷನ್ನಿನ ಮ್ಯಾನರ್ ಅವರು 1886ರಲ್ಲಿ ಮಂಗಳೂರಿನ ತಮ್ಮ ಮುದ್ರಣಾಲಯದಿಂದ ಪಾಡ್ದನಗಳ ಸಂಕಲನವೊಂದನ್ನು ಹೊರತಂದರು. ಅದೇ ವರ್ಷ ಅವರ ತುಳು-ಇಂಗ್ಲಿಷ್ ನಿಘಂಟೂ ಬಂತು. ಬ್ರಿಟಿಷ್ ಅಧಿಕಾರಿ ಬರ್ನೆಲ್ ಅವರು ಕೂಡಿಸಿದ್ದ ಪಾಡ್ದನದ ಪಾಠಗಳು ಅವರ ಮರಣಾನಂತರ 1890ರ ದಶಕದಲ್ಲಿ ಪ್ರಕಟವಾದವು. ಅದಾಗಿ ನೂರು ವರ್ಷಗಳ ಬಳಿಕ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆಗೂಡಿ, ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಹಾಡಿದ ಸಿರಿ ಸಂಧಿಯನ್ನು, ಅಂದರೆ ಸಿರಿಯ ಕಥೆ ಹೇಳುವ ದೀರ್ಘ ಪಾಡ್ದನವನ್ನು ದಾಖಲಿಸಿದರು. 1998ರಲ್ಲಿ ಅಚ್ಚಾದ ಆ ಪಾಠದಲ್ಲಿ 15,683 ಸಾಲುಗಳಿವೆ. ಅಕ್ಷರದ ಹಂಗಿಲ್ಲದೆ ಒಬ್ಬ ಕೃಷಿಕರು ಇಷ್ಟನ್ನು ಹಾಡಬಲ್ಲರು ಎನ್ನುವುದು ಅಚ್ಚರಿಯ ಸಂಗತಿ ನಿಜ. ಆದರೆ ಅಚ್ಚರಿಪಟ್ಟು ಅಲ್ಲಿಗೇ ನಿಂತರೆ ಅದು ಸಂಶೋಧನೆಯಾಗುವುದಿಲ್ಲ. ಅವರು ಇದನ್ನು ಬಾಯಿಪಾಠ ಒಪ್ಪಿಸುತ್ತಿದ್ದಾರೆಯೇ ಅಥವಾ ಹಾಡುತ್ತಾ ಹಾಡುತ್ತಾ ಕಟ್ಟುತ್ತಿದ್ದಾರೆಯೇ ಎಂದು ಕೇಳಿದಾಗ ಅದು ಸಂಶೋಧನೆಯಾಯಿತು. ಅದನ್ನು ಪರೀಕ್ಷಿಸುವ ದಾರಿಯೂ ಇದೆ. ಒಬ್ಬರೇ ಹಾಡುಗಾರರಿಂದ ಒಂದೇ ಕಥೆಯನ್ನು ಬೇರೆ ಬೇರೆ ಸಂದರ್ಭಗಳಲ್ಲಿ, ಅಂದರೆ ಮನೆಯ ಚಾವಡಿಯಲ್ಲಿ ಒಮ್ಮೆ, ನೇಜಿ (ಭತ್ತದ ಸಸಿ) ನೆಡುವ ಗದ್ದೆಯಲ್ಲಿ ಒಮ್ಮೆ, ಸಿರಿಜಾತ್ರೆಯಲ್ಲಿ ಒಮ್ಮೆ ದಾಖಲಿಸಿಕೊಂಡು, ಯಾವ ಸಾಲು ಮಾತು ತಪ್ಪದೆ ಮರಳಿ ಬರುತ್ತದೆ, ಯಾವುದು ಹಿಗ್ಗುತ್ತದೆ, ಯಾವುದು ಮಾಯವಾಗುತ್ತದೆ ಎಂದು ಸಾಲು ಸಾಲಾಗಿ ಹೋಲಿಸಿ ನೋಡಬೇಕು. ಹಾಡುಗಾರರ ಮನಸ್ಸಿನಲ್ಲಿ ಕಥೆಯ ಒಂದು ಹಂದರವಿದ್ದು, ಪ್ರತಿ ಸಲವೂ ಹಾಡು ಆ ಹಂದರದ ಮೇಲೆ ಹಬ್ಬುತ್ತದೆ ಎಂಬ ನಿಲುವಿಗೆ ಹೊಂಕೊ ಬಂದದ್ದು ಇಂಥ ಕೆಲಸದಿಂದಲೇ.

ಇನ್ನೊಂದು ಪರೀಕ್ಷೆಯನ್ನೂ ಹೇಳುತ್ತೇನೆ. ಇದು ನನಗೆ ಬಹಳ ಪ್ರಿಯವಾದದ್ದು. ಯಾರೋ ಒಬ್ಬರು ಈ ಪಾಡ್ದನ ಸಾವಿರ ವರ್ಷದಷ್ಟು ಹಳೆಯದು ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಹೀಗೆ ಹೇಳುವವರಿಗೆ ಕೊರತೆಯಿಲ್ಲ. ಆಗ ನಿಮ್ಮ ಮಗಳು ಆ ಹಾಡಿನ ಪದಗಳನ್ನು ಹೆಕ್ಕಿ ನೋಡಬೇಕು. ಮೇಜು, ಚಾವಿ, ಜನೇಲು ಇಂಥ ಮಾತುಗಳು ಪೋರ್ಚುಗೀಸಿನಿಂದ ಬಂದವು. ಪೋರ್ಚುಗೀಸರು ಭಾರತದ ಪಶ್ಚಿಮ ಕರಾವಳಿಗೆ ಬಂದದ್ದು 1498ರಲ್ಲಿ. ಹಾಡಿನಲ್ಲಿ ಚಾವಿ ಸಿಕ್ಕಿದರೆ ಆ ಸಾಲು ಅದಕ್ಕಿಂತ ಹಿಂದಿನದಾಗಲಾರದು. ಹಾಗೆಂದು ಇಡೀ ಹಾಡು ಹೊಸದು ಎನ್ನಲಿಕ್ಕೂ ಬರುವುದಿಲ್ಲ, ಹಳೆಯ ಮನೆಗೆ ಹೊಸ ಬೀಗ ಹಾಕಿರಬಹುದು. ಆದ್ದರಿಂದ ಒಂದು ಪದ ಸಾಲದು, ಪದರ ಪದರವಾಗಿ ನೋಡಬೇಕು. ಇದಕ್ಕೆ ಬೇಕಾದ ಸಲಕರಣೆ ಉಡುಪಿಯಲ್ಲಿಯೇ ತಯಾರಾಯಿತು. ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು. ಪಿ. ಉಪಾಧ್ಯಾಯರ ಮುಖ್ಯ ಸಂಪಾದಕತ್ವದಲ್ಲಿ ಸಿದ್ಧವಾದ ತುಳು ನಿಘಂಟಿನ ಆರು ಸಂಪುಟಗಳು 1988ರಿಂದ 1997ರ ನಡುವೆ ಪ್ರಕಟವಾದವು. ಅದರಲ್ಲಿ ಗದ್ದೆ, ದೋಣಿ, ಮೀನು, ಮರ, ಭೂತಾರಾಧನೆ ಎಲ್ಲದರ ಮಾತೂ ಇದೆ. ಪದ ಕೇಳಿಕೊಂಡು ಹೊಲಕ್ಕೂ ಕಡಲಿಗೂ ಹೋದವರ ಕೆಲಸವದು, ಮೇಜಿನ ಮುಂದೆ ಕುಳಿತು ಬರೆದದ್ದಲ್ಲ.

ನನ್ನ ಕ್ಷೇತ್ರದ ಒಂದು ಮಾತು. ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ನೀವು ನೋಡಿರಬಹುದು. ಅದರ ಪೀಠದ ಶಾಸನ, ಆಳುಪ ಅರಸ ಕುಂದವರ್ಮನು ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಿಸಿದನೆಂದು ಹೇಳುತ್ತದೆ. ಕಲಿವರ್ಷದ ಲೆಕ್ಕದಲ್ಲಿ ಅದರ ಕಾಲ ಕ್ರಿ.ಶ. 968. ಲೋಹ ಅದೇ, ಅಕ್ಷರ ಅದೇ, ಎಲ್ಲರಿಗೂ ಕಾಣುವುದು ಅದೇ. ಆದರೂ ವಾದ ಮುಗಿದಿಲ್ಲ. ವಿಹಾರ ಎಂಬ ಮಾತು ಬಂದಿದೆ, ವಿಗ್ರಹದ ಲಕ್ಷಣ ಬೋಧಿಸತ್ವ ಅವಲೋಕಿತೇಶ್ವರನದ್ದು, ಆದುದರಿಂದ ಇದು ಬೌದ್ಧ ನೆಲೆ ಎನ್ನುವವರಿದ್ದಾರೆ. ಅರಸನನ್ನು ಶಿವಭಕ್ತನೆಂದೇ ಶಾಸನ ವರ್ಣಿಸುತ್ತದೆ, ಕದ್ರಿಗೆ ನಾಥಪಂಥದ ನಂಟಿದೆ, ಆದುದರಿಂದ ಹಾಗೆನ್ನಲಾಗದು ಎನ್ನುವವರೂ ಇದ್ದಾರೆ. ಹಾಗಾದರೆ ಕೊನೆಗಾಣದ ಈ ಜಗಳಕ್ಕೆ ಸಂಶೋಧನೆ ಎಂಬ ಹೆಸರೇ ಎಂದು ನೀವು ಕೇಳಬಹುದು. ಕೊನೆಗಾಣದ್ದು ಅರ್ಥದ ವಿಷಯ ಮಾತ್ರ. 968 ಎಂಬ ವರ್ಷವನ್ನಾಗಲಿ, ಕುಂದವರ್ಮ ಎಂಬ ಹೆಸರನ್ನಾಗಲಿ ಇನ್ನು ಯಾರೂ ತಮಗೆ ಬೇಕಾದ ಹಾಗೆ ಬದಲಿಸಲಾರರು. ಇಬ್ಬರೂ ಅದೇ ಪಾಠದ ಒಳಗೆ ನಿಂತು ವಾದಿಸಬೇಕು, ಅದನ್ನು ಬಿಟ್ಟು ಹೊರಗೆ ಹೋದವರ ಮಾತನ್ನು ಬಲ್ಲವರು ಕೇಳುವುದಿಲ್ಲ.

ಪಾಠಕ್ಕೆ ಎಷ್ಟು ಕಟ್ಟುಬೀಳಬೇಕು ಎನ್ನುವುದನ್ನು ನಾನು ಎಳೆಯ ವಯಸ್ಸಿನಲ್ಲಿ ಪೆಟ್ಟು ತಿಂದು ಕಲಿತೆ. ಒಂದು ದೇವಸ್ಥಾನದ ಅಂಗಳದಲ್ಲಿದ್ದ ಶಾಸನದ ಕಲ್ಲಿನ ಪಡಿಯಚ್ಚನ್ನು, ಅಂದರೆ ಕಾಗದದ ಮೇಲಿನ ಅಚ್ಚನ್ನು ತೆಗೆದು, ಮಳೆಗಾಲದ ಪಾಚಿಯನ್ನು ಸರಿಯಾಗಿ ಉಜ್ಜದೆ, ಪಾಚಿಯ ಗುರುತನ್ನು ಅಕ್ಷರದ ಕೊಂಬೆಂದು ಓದಿ, ಇಲ್ಲದ ಒಂದು ಊರನ್ನೇ ಹುಟ್ಟಿಸಿಬಿಟ್ಟಿದ್ದೆ. ಎರಡು ಬೇಸಿಗೆ ಕಳೆದ ಮೇಲೆ ಹಿರಿಯರೊಬ್ಬರು ಅದೇ ಕಲ್ಲಿನ ಮುಂದೆ ನನ್ನನ್ನು ಕೂರಿಸಿ, ಒದ್ದೆ ಬಟ್ಟೆಯಿಂದ ಒರಸಿ, ಏನೂ ಹೇಳದೆ ನನ್ನ ಮುಖ ನೋಡಿದರು. ಕಲ್ಲು ಅಲ್ಲಿಯೇ ಇದ್ದುದರಿಂದ ನನ್ನ ತಪ್ಪು ಸಿಕ್ಕಿಬಿತ್ತು. ಸಂಶೋಧಕನು ತನ್ನ ತಪ್ಪು ಸಿಕ್ಕಿಬೀಳುವ ಹಾಗೆ ದಾರಿ ತೆರೆದಿಡಬೇಕು. ಮೀನಿನ ಅಳತೆಯ ಪುಸ್ತಕ, ಹಾಡಿನ ಧ್ವನಿಮುದ್ರಣ, ಶಾಸನದ ಪಡಿಯಚ್ಚು ಇವೆಲ್ಲವನ್ನೂ ಜೋಪಾನವಾಗಿ ಇಡುವುದು ಇದಕ್ಕಾಗಿಯೇ.

ದಾರಿ ತೆರೆದಿಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೂ ನಮ್ಮ ಕರಾವಳಿಯಲ್ಲಿ ಉದಾಹರಣೆ ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಕ್ಯಾರಿಟಿಯನ್ ಎಂಬ ಹೆಣ್ಣಿನ ಕಥೆ ಅದು. ಅದರಲ್ಲಿ ಸ್ಥಳೀಯರು ಆಡುವ, ಗ್ರೀಕ್ ಅಲ್ಲದ ಕೆಲವು ಮಾತುಗಳಿವೆ. ಅವು ಕನ್ನಡವಿರಬಹುದೆಂದು ಶಾಸನತಜ್ಞ ಹುಲ್ಟ್ಶ್ 1904ರಲ್ಲಿ ಸೂಚಿಸಿದರು, ಶಾಮಶಾಸ್ತ್ರಿಗಳು ಅದನ್ನು ಮುಂದುವರಿಸಿದರು, ನಂತರ ಅವು ತುಳುವೆಂಬ ವಾದವೂ ಬಂತು. ಎರಡು ಸಾವಿರ ವರ್ಷದ ಹಿಂದೆ ಗ್ರೀಕರು ನಮ್ಮ ಭಾಷೆಯಲ್ಲಿ ನಾಟಕವಾಡಿದರು ಎಂದರೆ ಯಾರ ಎದೆ ಉಬ್ಬುವುದಿಲ್ಲ! ಆದರೆ ಗ್ರೀಕ್ ಲಿಪಿಯಲ್ಲಿ, ಪದ ಬಿಡಿಸದೆ ಬರೆದ ಕೆಲವೇ ಅಕ್ಷರಗಳನ್ನು ನಮಗೆ ಬೇಕಾದಲ್ಲಿ ಕತ್ತರಿಸಿಕೊಂಡರೆ ಕನ್ನಡವೂ ಹೊರಡುತ್ತದೆ, ತುಳುವೂ ಹೊರಡುತ್ತದೆ. ಹೀಗೆ ಕತ್ತರಿಸಿದ್ದು ತಪ್ಪೆಂದು ತೋರಿಸುವ ದಾರಿ ಎಲ್ಲಿಯೂ ಇಲ್ಲ. ಆದುದರಿಂದಲೇ ಆ ವಾದ ನೂರು ವರ್ಷವಾದರೂ ವಾದವಾಗಿಯೇ ಉಳಿದಿದೆ. ನನ್ನ ಅಭಿಪ್ರಾಯದಲ್ಲಿ ಅದು ಹಾಗೆ ಉಳಿಯುವುದೇ ಸರಿ.

ಕಲ್ಲಿನ ವಿಷಯಕ್ಕೆ ಬಂದರೆ, ಮಲ್ಪೆಯಿಂದ ಕಾಣುವ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಭೂವಿಜ್ಞಾನಿಗಳಿಗೆ ಒಂದು ಶಾಸನವಿದ್ದ ಹಾಗೆ. ಪ್ರವಾಸಿಗರು ಅದನ್ನು ದಖ್ಖನ್ನಿನ ಕಪ್ಪು ಬಸಾಲ್ಟ್ ಎಂದು ತಿಳಿದುಕೊಳ್ಳುವುದುಂಟು. ಆದರೆ ಅದು ಸಿಲಿಕಾ ಹೆಚ್ಚಿರುವ ರಯೊಲೈಟ್ ಜಾತಿಯ ಶಿಲೆ, ವಯಸ್ಸಿನಲ್ಲಿಯೂ ಬೇರೆ. ದಖ್ಖನ್ನಿನ ಲಾವಾ ಸುಮಾರು 6.6 ಕೋಟಿ ವರ್ಷದ್ದಾದರೆ, ಇದು 8.5ರಿಂದ 9 ಕೋಟಿ ವರ್ಷದ್ದೆಂದು ವಿಕಿರಣಶೀಲ ಧಾತುಗಳ ಲೆಕ್ಕ ಹೇಳುತ್ತದೆ. ಅದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರಿನಲ್ಲಿಯೂ ಇವೆ. ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲದ ಗುರುತು ಇದು ಎಂಬ ನಿರ್ಣಯ ಬಂದದ್ದು ಹಾಗೆ. 1979ರಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಯಿತು. ಈ ಬೇರ್ಪಡುವಿಕೆಯನ್ನು ಯಾವ ಪ್ರಯೋಗಾಲಯದಲ್ಲಿಯೂ ಮರಳಿ ನಡೆಸಿ ತೋರಿಸಲಿಕ್ಕಾಗದು. ಎರಡು ದಡಗಳ ಕಲ್ಲುಗಳನ್ನು ಎದುರುಬದುರಾಗಿಟ್ಟು ಓದಬೇಕು, ಒಂದು ಗ್ರಂಥದ ಎರಡು ಹಸ್ತಪ್ರತಿಗಳನ್ನು ಸಂಪಾದಕ ಓದುವ ಹಾಗೆ. ಪ್ರಕೃತಿ ವಿಜ್ಞಾನವೆಂದರೆ ಪ್ರಯೋಗ, ಮಾನವಿಕವೆಂದರೆ ವ್ಯಾಖ್ಯಾನ ಎಂದು ಶಾಲೆಯಲ್ಲಿ ಗೆರೆ ಎಳೆದು ಕೊಡುತ್ತಾರಲ್ಲ, ಆ ಗೆರೆ ಮಲ್ಪೆಯ ದೋಣಿ ಹತ್ತುವ ಮೊದಲೇ ಅಳಿಸಿಹೋಗುತ್ತದೆ.

ಕೆಲವು ಪ್ರಶ್ನೆಗಳಿಗೆ ಎರಡೂ ಕಡೆಯವರು ಬಾರದೆ ಉತ್ತರವೇ ಇಲ್ಲ. 2018ರಲ್ಲಿ ಮಂಗಳೂರಿನ ಕೈಗಾರಿಕಾ ಪ್ರದೇಶದಲ್ಲಿ, ನವಮಂಗಳೂರು ಬಂದರಿಗೆ ಹತ್ತಿರದಲ್ಲಿ, ಸುಮಾರು ಎರಡು ಸೆಂಟಿಮೀಟರ್ ಉದ್ದದ ಒಂದು ಪುಟ್ಟ ಕಪ್ಪೆಯನ್ನು ಹೊಸ ಪ್ರಭೇದವೆಂದು ವಿಜ್ಞಾನಿಗಳು ವರ್ಣಿಸಿದರು. ಮಂಗಳೂರಿನ ಕೊಂಕಣಿ ಹೆಸರನ್ನೇ ಹಿಡಿದು ಅದಕ್ಕೆ ಮೈಕ್ರೋಹೈಲಾ ಕೊಡಿಯಾಲ್ ಎಂದು ಹೆಸರಿಟ್ಟರು. ವಿಚಿತ್ರವೆಂದರೆ, ವಂಶವಾಹಿಗಳನ್ನು ನೋಡಿದಾಗ ಅದರ ಹತ್ತಿರದ ನೆಂಟರು ಪಶ್ಚಿಮ ಘಟ್ಟದಲ್ಲಿರಲಿಲ್ಲ, ಆಗ್ನೇಯ ಏಷ್ಯಾದಲ್ಲಿದ್ದರು. ಹಡಗಿನಲ್ಲಿ ಬಂದ ಮರದ ದಿಮ್ಮಿಗಳ ಜೊತೆ ಅದು ಇಲ್ಲಿಗೆ ಬಂದಿರಬಹುದೇ ಎಂಬ ಊಹೆ ಹುಟ್ಟಿತು. ಇಲ್ಲಿಂದ ಮುಂದಕ್ಕೆ ಜೀವವಿಜ್ಞಾನಿ ಒಬ್ಬನ ಕೈಯಲ್ಲಿ ಏನೂ ಇಲ್ಲ. ಯಾವ ವರ್ಷ ಯಾವ ದೇಶದ ದಿಮ್ಮಿ ಇಲ್ಲಿ ಇಳಿಯಿತು, ಎಲ್ಲಿ ರಾಶಿ ಹಾಕಿದರು ಎನ್ನುವುದು ಬಂದರಿನ ದಸ್ತಾವೇಜಿನಲ್ಲಿ, ಮರದ ವ್ಯಾಪಾರಿಗಳ ಲೆಕ್ಕದಲ್ಲಿ, ಹಳೆಯ ಕೆಲಸಗಾರರ ನೆನಪಿನಲ್ಲಿದೆ. ಆ ನೆನಪನ್ನು ಕೇಳಿ ದಾಖಲಿಸುವ ವಿದ್ಯೆ ನಿಮ್ಮ ಮಗಳು ಕಲಿಯಹೊರಟಿರುವ ವಿದ್ಯೆ.

ಇದು ಹೊಸ ಕಾಲದ ಸೊಬಗೇನೂ ಅಲ್ಲ. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಹೋರ್ಟಸ್ ಮಲಬಾರಿಕಸ್ ಎಂಬ ಸಸ್ಯಗ್ರಂಥಕ್ಕೆ ಕೊಚ್ಚಿಯಲ್ಲಿದ್ದ ಕೊಂಕಣಿ ವೈದ್ಯರಾದ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಅವರು ನೆರವಾದರು, ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ನೆರವಾದರು. ಆ ಮೂವರ ಹೇಳಿಕೆ ನಾಗರಿ ಲಿಪಿಯ ಕೊಂಕಣಿಯಲ್ಲಿ ಗ್ರಂಥದಲ್ಲೇ ಅಚ್ಚಾಗಿದೆ. ಸಸ್ಯವಿಜ್ಞಾನಿಗೆ ಆ ಪುಸ್ತಕ ಗಿಡಗಳ ಆಕರ, ಭಾಷಾವಿಜ್ಞಾನಿಗೆ ಹದಿನೇಳನೆಯ ಶತಮಾನದ ಕೊಂಕಣಿಯ ಆಕರ.

ಪ್ರಕೃತಿ ವಿಜ್ಞಾನ ಮತ್ತು ಮಾನವಿಕಗಳ ನಡುವೆ ಸಮಾಜ ವಿಜ್ಞಾನಗಳ ದೊಡ್ಡ ಬಯಲಿದೆ. ಅದನ್ನು ಒಂದೇ ಮಾತಿನಲ್ಲಿ ದಾಟಿಬಿಡುತ್ತೇನೆ: 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, ಅದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು ಹೀಗೆ ಅಂದು ಒಂದೇ ಆಗಿದ್ದ ಜಿಲ್ಲೆಯಲ್ಲಿ ಐದು ಬ್ಯಾಂಕುಗಳು ಏಕೆ ಹುಟ್ಟಿದವು ಎಂಬ ಪ್ರಶ್ನೆಯನ್ನು ಅಂಕಿಯಿಂದಲೇ ಬಿಡಿಸಲಾಗದು, ಜಾತಿ, ಕುಟುಂಬ, ಅಳಿಯಕಟ್ಟಿನ (ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಪದ್ಧತಿಯ) ಕಥೆಗಳಿಂದಲೇ ಬಿಡಿಸಲೂ ಆಗದು.

ಯಾವುದು ಪ್ರಮಾಣ, ಯಾವುದಲ್ಲ ಎಂಬ ಚರ್ಚೆ ಉಡುಪಿಯವರಿಗೆ ಹೊಸದಲ್ಲ. ಮಧ್ವಾಚಾರ್ಯರು ಪ್ರಮಾಣಲಕ್ಷಣವೆಂಬ ಪುಟ್ಟ ಗ್ರಂಥವನ್ನೇ ಬರೆದು ಪ್ರತ್ಯಕ್ಷ, ಅನುಮಾನ, ಆಗಮಗಳನ್ನು ಗೊತ್ತುಪಡಿಸಿದರು. ಅವರ ಆಗಮ ನಾವು ಹೇಳುವ ಆಕರಕ್ಕೆ ಸಮನಲ್ಲ, ಆ ಗೊಂದಲ ಬೇಡ. ಆದರೆ ಮಾತಾಡುವ ಮೊದಲು ನಿನ್ನ ಪ್ರಮಾಣ ಯಾವುದೆಂದು ಹೇಳು ಎಂಬ ಶಿಸ್ತು ಮಾತ್ರ ಅದೇ. ಕಲೆ ಮತ್ತು ಮಾನವಿಕಗಳ ಕಡೆ ಒಂದು ದೌರ್ಬಲ್ಯವಿದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮಲ್ಲಿ ಹಳೆಯ ಮಾತನ್ನೇ ಹೊಸ ಪರಿಭಾಷೆಯಲ್ಲಿ ಹೇಳಿ ದಾಟಿಕೊಳ್ಳುವುದು ಸುಲಭ. ವಿಜ್ಞಾನದ ಕಡೆಯ ದೌರ್ಬಲ್ಯ ಬೇರೆ ಬಗೆಯದು. ಅಲ್ಲಿ ಅಳತೆ ಸರಿಯಿದ್ದು ಪ್ರಶ್ನೆಯೇ ಇಲ್ಲದಿರಬಹುದು. ಇನ್ನೂರು ಮೀನು ಅಳೆದು ಉದ್ದವಾದದ್ದು ಭಾರವಾಗಿದೆ ಎಂದು ಕಂಡುಹಿಡಿದ ಪ್ರಬಂಧಗಳನ್ನು ನಿಮ್ಮ ಸೋದರಳಿಯನೂ ಓದಿರುತ್ತಾನೆ, ಕೇಳಿ ನೋಡಿ.

ಒಂದೇ ಪದವಿ ಏಕೆ ಎಂದಿರಿ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿ ಕನ್ನಡಕ್ಕೂ ಸಮುದ್ರಜೀವಿಗೂ ಒಂದೇ: ಕನಿಷ್ಠ ಮೂರು ವರ್ಷ, ಆರಂಭದಲ್ಲಿ ಸಂಶೋಧನಾ ವಿಧಾನಗಳ ಕೋರ್ಸ್‌ವರ್ಕ್, ಕೊನೆಗೆ ಹೊರಗಿನ ಇಬ್ಬರು ಪರೀಕ್ಷಕರ ಮೌಲ್ಯಮಾಪನ ಮತ್ತು ಮೌಖಿಕ ಪರೀಕ್ಷೆ. ಪ್ರಬಂಧವನ್ನು ಎಲ್ಲರೂ ಓದುವಂತೆ ಶೋಧಗಂಗಾ ಎಂಬ ಅಂತರ್ಜಾಲ ಭಂಡಾರದಲ್ಲಿ ಇಡಬೇಕು. ಪದವಿ ಕೊಡುವುದು ವಿಷಯಕ್ಕಲ್ಲ, ಬಲ್ಲವರೆದುರು ತನ್ನ ಮಾತನ್ನು ಪ್ರಮಾಣ ಸಹಿತ ನಿಲ್ಲಿಸಿದ್ದಕ್ಕೆ.

ನಿಮ್ಮ ಮಗಳಿಗೆ ಎರಡು ಮಾತು. ಈಗ ಎಲ್ಲೆಡೆ ಅಂತರಶಿಸ್ತೀಯ ಎಂಬ ಮಾತು ಓಡಾಡುತ್ತಿದೆ. ಅದಕ್ಕೆ ಮರುಳಾಗಿ ಮೊದಲ ದಿನವೇ ಹತ್ತು ಶಾಸ್ತ್ರಗಳಿಗೆ ಕೈಹಾಕುವುದು ಬೇಡ. ಮೊದಲು ತುಳುವನ್ನೂ, ಪಾಠ ಸಂಪಾದನೆಯನ್ನೂ ಗಟ್ಟಿ ಮಾಡಿಕೊಳ್ಳಲಿ, ಕಪ್ಪೆಯೂ ಬ್ಯಾಂಕೂ ಆಮೇಲೆ ತಾವಾಗಿ ಬರುತ್ತವೆ. ಎರಡನೆಯದು, ಪ್ರಬಂಧದ ಹೆಸರು ಪಾಡ್ದನಗಳು: ಒಂದು ಅಧ್ಯಯನ ಎಂದಿರದಿರಲಿ. ಆ ಹೆಸರಿನಲ್ಲಿ ಪ್ರಶ್ನೆಯಿಲ್ಲ, ಪ್ರಶ್ನೆಯಿಲ್ಲದ ಮೇಲೆ ತಪ್ಪಾಗುವ ಧೈರ್ಯವೂ ಇಲ್ಲ. ಶೋಧಗಂಗಾದಲ್ಲಿ ಪಾಡ್ದನದ ಮೇಲಿನ ಹಿಂದಿನ ಪ್ರಬಂಧಗಳನ್ನು ತೆರೆದು, ಯಾರು ಏನು ಕೇಳಿಲ್ಲ ಎಂದು ಗುರುತು ಹಾಕಿಕೊಳ್ಳಲಿ. ಅರ್ಜಿ ಹಾಕುವ ಮೊದಲೇ ತನ್ನ ಊರಿನಲ್ಲಿ ಒಂದೇ ಪಾಡ್ದನವನ್ನು ಮೂವರಿಂದ ಹಾಡಿಸಿ, ಮುದ್ರಿಸಿ, ಪಕ್ಕಪಕ್ಕದಲ್ಲಿ ಬರೆದು ನೋಡಲಿ. ಗದ್ದೆಗೆ ಈಗ ನಾಟಿಯ ಯಂತ್ರ ಇಳಿಯುತ್ತಿದೆ, ನೇಜಿ ನೆಡುತ್ತ ಹಾಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆದ್ದರಿಂದ ಪ್ರವೇಶ ಪರೀಕ್ಷೆಯ ಪ್ರಕಟಣೆಗೆ ಕಾಯುತ್ತ ಕೂರದೆ, ಈ ಮಳೆಗಾಲದಲ್ಲಿಯೇ ಅವಳು ಗದ್ದೆಯ ಹುಣಿಗೆ (ಬದುವಿಗೆ) ಹೋಗಲಿ.